ಹುಳ ಮಲಗಿಲ್ಲ

ರಾತ್ರಿ ಹನ್ನೊಂದೂವರೆ. ವಾರ್ಡೋದ ಆಕಾಶಕ್ಕೆ
ಇನ್ನೂ ಮಧ್ಯಾಹ್ನದ ಗುಂಗು.
ಕಿಟಕಿಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆಯಲ್ಲಿ
ಸಾಸಿವೆಯಷ್ಟು ತೂತು.
ಅದರಿಂದ ತೂರಿದ ಬಿಸಿಲಿನ ಚುಕ್ಕೆ ಗೋಡೆಯ ಮೇಲೆ.
ಇಲ್ವಾ ಬೆರಳು ಚಾಚುತ್ತಾಳೆ: "ಹುಳ."
ಹುಳವಲ್ಲ ಕಂದಾ, ಮಲಗು.
"ಹುಳ."
ಆಯಿತು, ಹುಳ. ಹುಳವೂ ಮಲಗಿದೆ ನೋಡು.
"ಇಲ್ಲ."

ಇಪ್ಪತ್ತು ತಿಂಗಳಲ್ಲಿ ಕಲಿತ ಹನ್ನೆರಡು ಮಾತುಗಳಲ್ಲಿ
ಇದೊಂದರ ಉಚ್ಚಾರ ಮಾತ್ರ ಬಲು ಸ್ಫುಟ.

ನೀರು ಬೇಕೆಂದು ಅತ್ತಳು. ಕೊಟ್ಟೆ.
ನೀಲಿ ಲೋಟದಲ್ಲಿ ಕೊಡಲಿಲ್ಲವೆಂದು ಅತ್ತಳು. ತಂದೆ.
ಲೋಟ ನೀಲಿಯಾಗಿದೆಯೆಂದು ಅತ್ತಳು.
ನಾನು ಬಾತ್‌ರೂಮಿಗೆ ಹೋಗಿ
ಟವೆಲಿಗೆ ಬಾಯಿಟ್ಟು, ಅಜ್ಜ ದೋಣಿಯಲ್ಲಿ ಬೈಯುತ್ತಿದ್ದ
ಬೈಗುಳವನ್ನೆಲ್ಲ ಬೈದು ಬಂದೆ.

ಸೋಲ್‌ಫ್ರಿದ್‌ಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ.
ಅಲ್ಲೂ ಇದೇ ಕತೆಯಂತೆ: ನಡುರಾತ್ರಿ ಎದ್ದು,
ಬೂಟು ಹಾಕಿಕೊಂಡು, ಮೀನಿಗೆ ಹೊರಡುವ ಮುದುಕರು.
ಬೆಳಿಗ್ಗೆ ಬಾಗಿಲಲ್ಲಿ ಭೇಟಿ ನಮ್ಮದು.
ಅವಳು ಕಾರಿನ ಕೀ ಕೊಡುತ್ತಾಳೆ,
ನಾನು ಕೆಟ್ಟ ಸುದ್ದಿ ಕೊಡುತ್ತೇನೆ.
ಯಾರು ಕಡಿಮೆ ಮಲಗಿದ್ದು ಎಂಬ ಲೆಕ್ಕದಲ್ಲಿ
ಇಬ್ಬರೂ ಚಿಲ್ಲರೆ ಬಿಡುವವರಲ್ಲ.

ಆಮೇಲೆ ಡೇಕೇರಿನ ಮೆರವಣಿಗೆ.
ಉಣ್ಣೆಯೊಳಗೆ ತೂರಿಸಿ, ಅದರ ಮೇಲೆ ರಬ್ಬರಿನೊಳಗೆ ತೂರಿಸುವಾಗ
ಮಗು ಇದ್ದಕ್ಕಿದ್ದಂತೆ ಹಲಗೆ.
ಹಲಗೆಗೆ ಮೊಣಕಾಲಿಲ್ಲ, ಮೊಣಕೈಯಿಲ್ಲ, ಕರುಣೆಯಿಲ್ಲ.
ಎಡಗೈಯ ಕೈಚೀಲ ಇದೆ, ಬಲದ್ದು
ಏಪ್ರಿಲ್‌ನಿಂದ ಕಾಣೆ.
ಸೀಲ್ ಚಿತ್ರದ ಮೊಳೆಗೆ ಚೀಲ ನೇತುಹಾಕುವ ಹೊತ್ತಿಗೆ
ಅವಳು ನನ್ನ ಪ್ಯಾಂಟು ಹಿಡಿದು, ಕೊಲ್ಲಲು ಬಿಟ್ಟು ಹೋಗುತ್ತಿದ್ದೇನೆಂಬಂತೆ
ಇಡೀ ಊರಿಗೆ ಸಾರಿದಳು.
ಕಿತ್ತುಕೊಂಡು ಓಡಿದೆ. ಕಾರಿನಲ್ಲಿ ಕೂತು
ಎದೆ ಹಿಂಡಿದಂತಾಗಿ ಬೇಲಿಯ ಸಂದಿಯಿಂದ ಇಣುಕಿದರೆ
ಯಾರದೋ ಬ್ರೆಡ್ಡು ತಿನ್ನುತ್ತಾ ಕೂತಿದ್ದಾಳೆ.

ಹತ್ತು ಗಂಟೆಗೆ ಫೋನು: "ಮೂವತ್ತೆಂಟು ಡಿಗ್ರಿ, ಕರೆದುಕೊಂಡು ಹೋಗಿ."
ಬೆಲ್ಟಿನ ಮೇಲೆ ಏಡಿಗಳು ಸಾಲಾಗಿ ಬರುತ್ತಲೇ ಇರುತ್ತವೆ.
ಮೇಸ್ತ್ರಿ ಹುಬ್ಬೆತ್ತುವುದಿಲ್ಲ; ಈಚೆಗೆ
ಗಡಿಯಾರ ಮಾತ್ರ ನೋಡುತ್ತಾನೆ.

ಜ್ವರವಿಲ್ಲದ ದಿನಗಳ ಅವಮಾನವೇ ಬೇರೆ.
ಸೆನೈತ್ ನಗುತ್ತಾ ಹೇಳುತ್ತಾಳೆ:
"ಎರಡು ಗಂಟೆ ಮಲಗಿದ್ದಳು, ಹೊರಗೆ, ಗಾಡಿಯಲ್ಲಿ."
ಆ ಗಾಳಿಯಲ್ಲಾ? ಏನು ಮಾಡಿದಿರಿ?
"ಏನೂ ಇಲ್ಲ. ಮಲಗಿಸಿ ಮುಖ ತಿರುಗಿಸಿಕೊಂಡೆ."
ದಯವಿಟ್ಟು ಮುಕ್ಕಾಲು ಗಂಟೆಗೇ ಎಬ್ಬಿಸಿ ಅಂದೆ,
ಸಾಲ ಕೇಳುವವನ ದನಿಯಲ್ಲಿ.
ಅವಳು ನಗು ನಿಲ್ಲಿಸಿದಳು.
"ಮಲಗಿದ ಮಗುವನ್ನು ಎಬ್ಬಿಸಿದೆನೆಂದು ಗೊತ್ತಾದರೆ
ಕೆರೆನ್‌ನಿಂದ ನಮ್ಮಮ್ಮ ಬಂದು ಹೊಡೆಯುತ್ತಾಳೆ."

ಅದನ್ನೇ ನೆನೆದು, ಈಗ ಒಂದು ಗಂಟೆಗೆ,
ಗಾಡಿಗೆ ಹಾಕಿ ಹೊರಟೆ, ಪೈಜಾಮದ ಮೇಲೆ ಕೋಟು ತೊಟ್ಟು.
ಬಂದರಿನ ನೀರೆಲ್ಲ ಹಿತ್ತಾಳೆ.
ಮಂಜುಗಡ್ಡೆ ಕಾರ್ಖಾನೆಯ ತಿರುವಿನಲ್ಲಿ ಇನ್ನೊಂದು ಗಾಡಿ,
ಅದರ ಹಿಂದೆ ಇನ್ನೊಬ್ಬ ತಂದೆ.
ಕಳ್ಳರಿಬ್ಬರು ಎದುರಾದಂತೆ ತಲೆಯಾಡಿಸಿದೆವು.
ಹೆಸರು ಕೇಳಲಿಲ್ಲ. ಅವನ ಮಗುವಿನ ಕಣ್ಣೂ
ಲಾಟೀನಿನಂತೆ ಉರಿಯುತ್ತಿತ್ತು.

ಎರಡು ಹತ್ತಕ್ಕೆ ರೆಪ್ಪೆ ಬಿತ್ತು.
ನಂಬಲಿಲ್ಲ; ಇನ್ನೂ ನಾಲ್ಕು ಸುತ್ತು ಹಾಕಿದೆ,
ಹಕ್ಕಿಗಳಿಗೆ ಕೈಮುಗಿಯುತ್ತಾ.
ಹಜಾರದಲ್ಲಿ ಗಾಡಿ ನಿಲ್ಲಿಸಿ, ಬೂಟು ಬಿಚ್ಚದೆ,
ದಿಂಬು ತರಲು ಕೋಣೆಗೆ ಕಾಲಿಟ್ಟೆ, ಉಸಿರು ಬಿಗಿಹಿಡಿದು.

ಗೋಡೆಯ ಮೇಲಿನ ಚುಕ್ಕೆ
ಮೊದಲಿದ್ದ ಜಾಗದಲ್ಲಿ ಇರಲಿಲ್ಲ.
ಎರಡು ಗೇಣು ಆಚೆ, ಕಪಾಟಿನ ಹತ್ತಿರ,
ತೆವಳುತ್ತಿತ್ತು.